ಬಿಡದ ಪಾರ್ಕಿಂಗ್ ಬ್ರೇಕು, ಬಲ್ಬು ಹಚ್ಚಿ ನೋಡಿದ ಗ್ಯಾರೇಜು

ಆರು ವರ್ಷ ಹಳೆಯದಾದ ನಮ್ಮ ಕಾರಿನ ಇಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಕಳೆದ ಜುಲೈನಲ್ಲಿ ಮಡಿಕೇರಿಯಲ್ಲಿ ಕೈಕೊಟ್ಟಿತು. ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಇಳಿಜಾರಿನಲ್ಲಿದ್ದ ಕಾರನ್ನು ಹೊರಡಿಸಲು ಸ್ವಿಚ್ ಒತ್ತಿದಾಗ ಎಡ ಹಿಂಚಕ್ರದಿಂದ ಎಂದಿನ ‘ಝುಯ್’ ಸದ್ದು ಬಂತು, ಬಲಗಡೆ ಮಾತ್ರ ಮೌನ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಬಲ ಹಿಂಚಕ್ರ ಕಚ್ಚಿಕೊಂಡೇ ಇತ್ತು. ಊರಿನ ಮೆಕ್ಯಾನಿಕ್ ಒಬ್ಬರು ಬಂದು, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಹಿಂದಿರುವ ಮೋಟಾರನ್ನು ಬಿಚ್ಚಿ, ಒಳಗಿನ ಸ್ಕ್ರೂವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ ಚಕ್ರವನ್ನು ಬಿಡಿಸಿದರು. ಕಾಲಿನ ಬ್ರೇಕಿಗೆ ಇದರಿಂದ ತೊಂದರೆಯಿಲ್ಲವಾದ್ದರಿಂದ ನಿಧಾನವಾಗಿ ಮೈಸೂರಿಗೆ ಬಂದೆವು.

ಹಳೆಯ ಕಾರುಗಳಲ್ಲಿ ಕೈಯಿಂದ ಎಳೆಯುತ್ತಿದ್ದ ಲಿವರ್ ಮತ್ತು ಕೇಬಲ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪ್ರತಿ ಹಿಂಚಕ್ರದ ಕ್ಯಾಲಿಪರಿಗೆ ಅಂಟಿಕೊಂಡಿರುವ ಪುಟ್ಟ ಮೋಟಾರ್ ಮಾಡುತ್ತದೆ: ಅದರ ಗೇರುಗಳು ಸ್ಕ್ರೂವನ್ನು ತಿರುಗಿಸುತ್ತವೆ, ಸ್ಕ್ರೂ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಆದ್ದರಿಂದ ಕರೆಂಟ್ ಹೋದರೆ ಬ್ರೇಕ್ ಬಿಟ್ಟುಬಿಡುತ್ತದೆಂಬ ಭಯ ಬೇಡ. ಹಿಡಿದದ್ದನ್ನು ಬಿಡದೆ ಕೂರುವುದೇ ಇದರ ತಾಪತ್ರಯ. 2001ರಲ್ಲಿ ಬಿಎಂಡಬ್ಲ್ಯೂ 7 ಸರಣಿಯಂಥ ದುಬಾರಿ ಕಾರುಗಳಲ್ಲಿ ಕಾಣಿಸಿಕೊಂಡ ಇಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಈಗ ಮಧ್ಯಮ ಬೆಲೆಯ ಗಾಡಿಗಳಿಗೂ ಇಳಿದಿದೆ, ಆದರೆ ಅದನ್ನು ರಿಪೇರಿ ಮಾಡುವ ತಿಳಿವಳಿಕೆ ಅಷ್ಟೇ ಬೇಗ ಹರಡಿದಂತೆ ಕಾಣುವುದಿಲ್ಲ.

ಮೊದಲು ಹೋದದ್ದು ಅಧಿಕೃತ ಸರ್ವಿಸ್ ಸೆಂಟರಿಗೆ. ಅಲ್ಲಿ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಓದಿದರು, ಎರಡೂ ಕ್ಯಾಲಿಪರುಗಳನ್ನೂ ಅವುಗಳ ಮೋಟಾರುಗಳನ್ನು ನಡೆಸುವ ಕಂಟ್ರೋಲ್ ಯೂನಿಟ್ಟನ್ನೂ ಬದಲಿಸಬೇಕೆಂದು 68,000 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ಒಂದು ಚಕ್ರವನ್ನೂ ಬಿಚ್ಚಿ ನೋಡಿರಲಿಲ್ಲ. ಸರಿಯಾಗಿಯೇ ಇರುವ ಎಡಗಡೆಯದನ್ನು ಏಕೆ ಬದಲಿಸಬೇಕೆಂದು ಕೇಳಿದ್ದಕ್ಕೆ, ‘ಜೋಡಿಯಾಗಿ ಬದಲಿಸುವುದೇ ನಮ್ಮ ಪದ್ಧತಿ’ ಎಂಬ ಉತ್ತರ ಬಂತು. ಕೋಡ್ ಯಾವ ಕಡೆಯ ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎಂಬುದನ್ನಷ್ಟೇ ಹೇಳುತ್ತದೆ. ವೈರೋ, ಕನೆಕ್ಟರೋ, ಮೋಟಾರೋ ಎಂಬುದನ್ನು ಮನುಷ್ಯನೇ ಹುಡುಕಬೇಕು.

ಹಾಗೆ ಹುಡುಕಿದವರು ಬನ್ನಿಮಂಟಪದ ಬಳಿ, ಎರಡೇ ಕಾರು ಹಿಡಿಸುವ ಗ್ಯಾರೇಜೊಂದರ ಇಲೆಕ್ಟ್ರಿಷಿಯನ್. ಅವರು ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿದರು, ಏಕೆಂದರೆ ಬ್ಯಾಟರಿ ಸೋತಿದ್ದರೂ ಇದೇ ದೀಪ ಹತ್ತುತ್ತದಂತೆ. ಬಳಿಕ ಕಾರನ್ನು ಲಿಫ್ಟಿಗೆ ಏರಿಸಿ, ಹಿಂಚಕ್ರದ ಜೊತೆ ಸದಾ ಅಲುಗಾಡುವ ವೈರನ್ನು ಬೆರಳಿನಲ್ಲಿ ಗೇಣು ಗೇಣಾಗಿ ಬಗ್ಗಿಸಿ ನೋಡಿ, ಮೋಟಾರಿನ ಕನೆಕ್ಟರ್ ಕಿತ್ತು ಅದರ ಬಾಯಿಗೆ ಇಂಡಿಕೇಟರಿನ ಹಳೆಯ ಬಲ್ಬೊಂದನ್ನು ಸಿಕ್ಕಿಸಿದರು. ಕೋಡ್ ಅಳಿಸಿ, ‘ಸ್ವಿಚ್ ಎತ್ತಿ ಸಾರ್’ ಎಂದರು. ಬಲ್ಬು ಪ್ರಖರವಾಗಿ ಹತ್ತಿ ಆರಿತು. ಒತ್ತಿದಾಗಲೂ ಹತ್ತಿತು. ಅಂದರೆ ಕಂಟ್ರೋಲ್ ಯೂನಿಟ್ಟಿನಿಂದ ಹಿಡಿದು ವೈರಿನ ಕೊನೆಯವರೆಗೆ ಎಲ್ಲವೂ ಸರಿಯಾಗಿದೆ, ಕೆಟ್ಟಿರುವುದು ಮೋಟಾರ್ ಒಂದೇ. ಮೀಟರಿನಲ್ಲಿ ಬರಿಯ ವೋಲ್ಟೇಜ್ ನೋಡಿದರೆ ತುಕ್ಕು ಹಿಡಿದ ವೈರೂ ಸರಿಯಿರುವಂತೆ ತೋರಬಹುದು, ಬಲ್ಬಿನಂಥ ಲೋಡ್ ಕೊಟ್ಟು ಕರೆಂಟ್ ಹರಿಸಿದಾಗಲೇ ಅದರ ಬಂಡವಾಳ ತಿಳಿಯುವುದು ಎಂಬುದು ಅವರ ವಿವರಣೆ. 68,000 ರೂಪಾಯಿಯ ಪ್ರಶ್ನೆ ಹೀಗೆ ಐದು ನಿಮಿಷದಲ್ಲಿ, ಒಂದು ಗುಜರಿ ಬಲ್ಬಿನಿಂದ ಬಗೆಹರಿಯಿತು.

ಹಳೆಯ ಮೋಟಾರಿನ ಮುಚ್ಚಳ ತೆಗೆದು ತೋರಿಸಿದರು. ಅಂಚಿನ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಒಳಗಿನಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ತಟ್ಟೆಗೆ ಸುರಿಯಿತು. ಮೋಟಾರ್ ಮಾತ್ರ ಬಿಡಿಯಾಗಿ ಸಿಗುತ್ತದೆ, ಎರಡೇ ಬೋಲ್ಟಿನ ಕೆಲಸ, ಬ್ರೇಕ್ ಆಯಿಲ್ ತೆಗೆಯುವ ಅಗತ್ಯವೂ ಇಲ್ಲ. ಹೊಸದನ್ನು ಹೊಸ ರಬ್ಬರ್ ರಿಂಗಿನೊಂದಿಗೆ ಕೂರಿಸಿ, ಸ್ಕ್ಯಾನರಿನಿಂದ ಹೊಂದಾಣಿಕೆ ಮಾಡಿ, ಚಾಮುಂಡಿ ಬೆಟ್ಟದ ರಸ್ತೆಗೆ ಕರೆದೊಯ್ದು ನ್ಯೂಟ್ರಲ್ಲಿನಲ್ಲಿ ಒಮ್ಮೆ ಮೇಲ್ಮುಖವಾಗಿ, ಒಮ್ಮೆ ಕೆಳಮುಖವಾಗಿ ನಿಲ್ಲಿಸಿ ತೋರಿಸಿದರು. ಒಟ್ಟು ಬಿಲ್ಲು 11,400 ರೂಪಾಯಿ. ಇನ್ನೊಂದು ಮಾತನ್ನೂ ಹೇಳಿದರು: ಹಿಂಚಕ್ರದ ಪ್ಯಾಡ್ ಬದಲಿಸುವವರು ಸ್ಕ್ಯಾನರಿನಿಂದ ಬ್ರೇಕನ್ನು ಸರ್ವಿಸ್ ಸ್ಥಿತಿಗೆ, ಅಂದರೆ ಸ್ಕ್ರೂ ಪೂರ್ತಿ ಹಿಂದೆ ಸರಿದ ಸ್ಥಿತಿಗೆ, ತರದೆ ಕ್ಲ್ಯಾಂಪಿನಿಂದ ಪಿಸ್ಟನ್ನನ್ನು ಒತ್ತಿದರೆ ಒಳಗಿನ ಯಂತ್ರಭಾಗವೇ ಹಾಳಾಗಬಹುದು, ಆದ್ದರಿಂದ ಆ ಕೆಲಸಕ್ಕೆ ಸ್ಕ್ಯಾನರ್ ಇರುವ ಕಡೆಯೇ ಹೋಗಬೇಕು.

ಈ ಗ್ಯಾರೇಜಿನಲ್ಲಿ ಕೊರತೆಗಳೂ ಇವೆ. ಸರದಿಗೆ ನಾಲ್ಕು ದಿನ ಕಾಯಬೇಕಾಯಿತು. ಬೆಳಿಗ್ಗೆ ಹನ್ನೊಂದರ ನಂತರ ಫೋನ್ ಎತ್ತುವುದಿಲ್ಲ. ಕೂರಲು ಯಾವುದೋ ವ್ಯಾನಿನಿಂದ ಕಿತ್ತ ಹಿಂದಿನ ಸೀಟೇ ಗತಿ. ಬಿಲ್ಲು ಕೈಬರಹದ್ದು, ಬಿಡಿಭಾಗದ ಸಂಖ್ಯೆಯನ್ನೂ ಆರು ತಿಂಗಳ ಗ್ಯಾರಂಟಿಯನ್ನೂ ನಾನು ಕೇಳಿದ ಮೇಲಷ್ಟೇ ಬರೆದುಕೊಟ್ಟರು. ಗಾಡಿ ಸಂಪೂರ್ಣ ನಿಂತುಹೋಗಿದ್ದರೆ ತಂದು ತಲುಪಿಸುವ ಹೊಣೆಯೂ ನಮ್ಮದೇ, ಚಕ್ರ ಕಚ್ಚಿಕೊಂಡ ಕಾರನ್ನು ಎಳೆಯುವಂತಿಲ್ಲವಾದ್ದರಿಂದ ಹೊತ್ತೊಯ್ಯುವ ಗಾಡಿಯನ್ನೇ ಗೊತ್ತು ಮಾಡಬೇಕು.

ಎಡಗಡೆಯ ಮೋಟಾರಿಗೂ ಅಷ್ಟೇ ವಯಸ್ಸಾಗಿದೆ, ಅದನ್ನೂ ಬದಲಿಸಿಬಿಡೋಣವೇ ಎಂದು ನಾನೇ ಕೇಳಿದೆ. ಅವರು ಅದರ ಮುಚ್ಚಳದ ಅಂಚನ್ನು ಟಾರ್ಚ್ ಹಿಡಿದು ನೋಡಿ, ‘ಈಗ ಬೇಡಿ ಸಾರ್, ಸದ್ದು ಎಳೆದ ಹಾಗೆ ಆದರೆ ಬನ್ನಿ’ ಎಂದು ಕಳುಹಿಸಿದರು.