ಎರಡು ಕಣ್ಣಿಗೆ ಎರಡು ನಂಬರ್: ಕನ್ನಡಕವೋ, ಲೆನ್ಸೋ?

ನನ್ನ ಬಲಗಣ್ಣಿನ ನಂಬರ್ ಮೈನಸ್ 0.5, ಎಡಗಣ್ಣಿನದು ಮೈನಸ್ 5. ಹಾಸನದಲ್ಲಿ ದುಬಾರಿ ಕನ್ನಡಕ ಮಾಡಿಸಿ, ಅದರ ಸಹವಾಸ ಸಾಕಾಗಿ ಕಾಂಟ್ಯಾಕ್ಟ್ ಲೆನ್ಸಿಗೆ ಬಂದವನು ನಾನು. ಇಂಥ ಕಣ್ಣುಗಳಿಗೆ ಲೆನ್ಸೇ ಸರಿ.

1.67 ಸೂಚ್ಯಂಕದ, ಅಂದರೆ ಬೆಳಕನ್ನು ಹೆಚ್ಚು ಬಾಗಿಸುವ, ತೆಳು ಗಾಜು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಎಡಗಡೆಯ ದಪ್ಪ ಅಂಚು ತೆಳುವಾಯಿತು, ಅಷ್ಟೇ. ಮೈನಸ್ ಗಾಜು ಬಿಂಬವನ್ನು ಕುಗ್ಗಿಸುತ್ತದೆ. ಒಂದು ಕಣ್ಣಿಗೆ ಚಿಕ್ಕದು, ಇನ್ನೊಂದಕ್ಕೆ ದೊಡ್ಡದು ಕಂಡು ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು, ಕೆಳಗೆ ನೋಡುವುದನ್ನು ಮಾತ್ರ ಸಹಿಸಲಾಗಲಿಲ್ಲ. ಗಾಜಿನ ನಟ್ಟನಡುವಿನಿಂದ ನೋಡುವಾಗ ತೊಂದರೆಯಿಲ್ಲ. ನೋಟ ಅಲ್ಲಿಂದ ಕೆಳಗಿಳಿದರೆ ಗಾಜು ಪ್ರಿಸಮ್ಮಿನ ಕೆಲಸ ಮಾಡುತ್ತದೆ, ಅಂದರೆ ಬೆಳಕನ್ನು ಬಾಗಿಸಿ ಬಿಂಬವನ್ನು ಪಕ್ಕಕ್ಕೆ ಸರಿಸುತ್ತದೆ, ನಂಬರ್ ಹೆಚ್ಚಿದಷ್ಟೂ ಹೆಚ್ಚು. ನನ್ನ ಕಣ್ಣುಗಳಿಗೆ, ಒಂದು ಸೆಂಟಿಮೀಟರ್ ಇಳಿದರೆ 4.5 ಪ್ರಿಸಮ್ ಡಯಾಪ್ಟರ್ ವ್ಯತ್ಯಾಸ. ಅಂದರೆ ಒಂದು ಮೀಟರ್ ದೂರದ ವಸ್ತುವಿನ ಎರಡು ಬಿಂಬಗಳು ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೆಳಗೆ. ಎಡ ಬಲಕ್ಕೆ ಸರಿದ ಬಿಂಬಗಳನ್ನು ಕಣ್ಣು ಹೇಗೋ ಹೊಂದಿಸಿಕೊಳ್ಳುತ್ತದೆ, ಮೇಲೆ ಕೆಳಗೆ ಸರಿದವನ್ನು ಅಷ್ಟು ಸುಲಭವಾಗಿ ಹೊಂದಿಸಲಾರದು.

ಶ್ರವಣಬೆಳಗೊಳದ ವಿಂಧ್ಯಗಿರಿಯಿಂದ ಇಳಿಯುವಾಗ ಇದು ಚೆನ್ನಾಗಿ ಅರ್ಥವಾಯಿತು. ಬಂಡೆಯಲ್ಲೇ ಕಡಿದ ಮೆಟ್ಟಿಲಿನ ಅಂಚು ಎರಡಾಗಿ ಕಾಣುತ್ತಿತ್ತು. ಯಾವುದರ ಮೇಲೆ ಕಾಲಿಡಬೇಕೆಂದು ತಿಳಿಯದೆ, ಕಂಬಿ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ಇಳಿದೆ. ಕಚೇರಿಯಲ್ಲಿ ಲೆಡ್ಜರಿನ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಏರಿ ಕೂರುತ್ತಿತ್ತು. ಕಣ್ಣಿನ ಬದಲು ತಲೆಯನ್ನೇ ಬಗ್ಗಿಸಿ ನೋಡಿ ಎಂಬ ಸಲಹೆ ಸಿಕ್ಕಿತು. ದಿನವಿಡೀ ಲೆಕ್ಕ ಬರೆಯುವವನ ಕುತ್ತಿಗೆಗೆ ಅದು ಆಗುವ ಮಾತಲ್ಲ.

ಲೆನ್ಸ್ ಕಣ್ಣುಗುಡ್ಡೆಯ ಜೊತೆಗೇ ತಿರುಗುತ್ತದೆ. ಎತ್ತ ನೋಡಿದರೂ ನೋಟ ಅದರ ನಡುವಿನಿಂದಲೇ ಹಾಯುತ್ತದೆ, ಹಾಗಾಗಿ ಈ ಕಾಟವೇ ಇಲ್ಲ. ಕಣ್ಣಿಗೇ ಅಂಟಿಕೊಂಡಿರುವುದರಿಂದ ನಂಬರ್ ಕೂಡ ಮೈನಸ್ 4.75 ಸಾಕಾಯಿತು. ತಲೆನೋವು ನಿಂತಿತು.

ಶಿಸ್ತು ಬೇಕು, ನಿಜ. ಬೆರಳ ತುದಿಯಲ್ಲಿಟ್ಟಾಗ ಅದು ಪುಟ್ಟ ಬಟ್ಟಲಿನಂತೆ ನಿಲ್ಲಬೇಕು; ಅಂಚು ಹೊರಕ್ಕೆ ಬಾಗಿದ್ದರೆ ಒಳಹೊರಗಾಗಿದೆ ಎಂದೇ ಲೆಕ್ಕ. ನಲ್ಲಿನೀರು ಸೋಕಿಸಬಾರದು, ಹಾಕಿಕೊಂಡು ಮಲಗಬಾರದು. ಎರಡೂ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಸೋಂಕಿಗೆ ದಾರಿ.

ಖರ್ಚಿನ ಮಾತು: ಬಲಗಣ್ಣು ಬರಿದಾಗಿಯೇ ನನ್ನ ಕೆಲಸಕ್ಕೆ ಸಾಕು. ಹಾಗಾಗಿ ತಿಂಗಳಿಗೊಂದು ಬದಲಿಸುವ ಲೆನ್ಸಿನ ಆರರ ಪೆಟ್ಟಿಗೆ ಆರು ತಿಂಗಳು ಬರುತ್ತದೆ. ದ್ರಾವಣದ ಬಾಟಲಿ ಸೇರಿಸಿದರೂ ನನ್ನ ಸಂಬಳಕ್ಕೆ ಹೊರೆಯಲ್ಲ. ಎರಡೂ ಕಣ್ಣಿಗೆ ಬೇಕಾದವರು ಲೆಕ್ಕ ಹಾಕಿ ನೋಡಲಿ. ಕನ್ನಡಕವನ್ನು ಮಾತ್ರ ಎಸೆದಿಲ್ಲ. ಕಣ್ಣು ಕೆಂಪಾದ ದಿನ ಲೆನ್ಸ್ ಹಾಕುವಂತಿಲ್ಲ, ಆಗ ಅದೇ ಗತಿ.