ಹಳೇ ಅಂಬಾಸಿಡರ್‌ಗೆ ಡೈನಮೋನೋ, ಆಲ್ಟರ್ನೇಟರೋ? ಧನುರ್ಮಾಸದ ರಿಪೇರಿಗೆ ಮುಂಚೆ ಒಂದು ಹೋಲಿಕೆ

ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರಗಳು ಇವೆರಡೂ; ಡೈನಮೋ ಹಳೇ ಕಾಲದ್ದು, ಆಲ್ಟರ್ನೇಟರ್ ಆಮೇಲಿನದು. ಮೊದಲೇ ಹೇಳಿಬಿಡುತ್ತೇನೆ, ನಾನು ಆಲ್ಟರ್ನೇಟರ್ ಪಕ್ಷ. ಗಾಡಿ ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು ಎನ್ನುವವರ ಮೇಲೆ ನನಗೇನೂ ಸಿಟ್ಟಿಲ್ಲ. ಡೈನಮೋ ಇಟ್ಟುಕೊಂಡೇ ವರ್ಷಗಟ್ಟಲೆ ಓಡಿಸಿದ್ದೇನೆ, ಅದರ ಸೇವೆಗೆ ಬೇಕಾದಷ್ಟು ದುಡ್ಡೂ ಸುರಿದಿದ್ದೇನೆ. ಎರಡನ್ನೂ ಒಂದೇ ಗಾಡಿಯಲ್ಲಿ, ಒಂದೇ ಥರದ ಕೆಲಸಕ್ಕೆ ಬಳಸಿ ನೋಡಿದ ಮೇಲೆ ಈ ಮಾತು.

ಗಾಡಿ 1972ರ ಮಾರ್ಕ್ 2. ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್ನೇ ಇನ್ನೂ ಇದೆ. ಡೀಸೆಲ್ ಹಾಕಿಸು, ಇಸುಝು ಎಂಜಿನ್ ಹಾಕಿಸು ಎಂದವರ ಮಾತನ್ನು ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆಗೋ ನಂಜನಗೂಡಿನ ಕಡೆಗೋ ಒಂದು ಸುತ್ತು. ಉಳಿದಂತೆ ಅದಕ್ಕಿರುವ ದೊಡ್ಡ ಕೆಲಸ ಒಂದೇ, ನೆಂಟರಿಷ್ಟರ ಮದುವೆ. ವರನನ್ನು ಕೂರಿಸಿಕೊಂಡು ಛತ್ರದ ಬಾಗಿಲಿಗೆ ಹೋಗುವುದು. ಬಾಡಿಗೆ ಗೀಡಿಗೆ ಇಲ್ಲ, ಪೆಟ್ರೋಲ್ ಹಾಕಿಸಿ ಕೊಟ್ಟರೆ ಸಾಕು.

ಹಾಗಾಗಿ ಗಾಡಿಯ ದೊಡ್ಡ ರಿಪೇರಿಗಳೆಲ್ಲ ಧನುರ್ಮಾಸಕ್ಕೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮುಹೂರ್ತಗಳಿಲ್ಲ, "ಅಣ್ಣಾ, ಒಂದಿನಕ್ಕೆ ಅಂಬಾಸಿಡರ್ ಕೊಡ್ತೀರಾ" ಅಂತ ಯಾರ ಫೋನೂ ಇಲ್ಲ. ಬಾನೆಟ್ ತೆಗೆದು ವಾರಗಟ್ಟಲೆ ನಿಲ್ಲಿಸಿದರೂ ಕೇಳುವವರಿಲ್ಲ. ಹವೆಯೂ ಒಣಗಿರುತ್ತದೆ. ಮಳೆಗಾಲದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆಸಿ, ತೇವಕ್ಕೆ ಅದು ಬೂದಿ ಬಳಿದಂತೆ ಬಿಳಿಚಿಕೊಂಡದ್ದನ್ನು ನೋಡಿದವರಿಗೆ ಚಳಿಗಾಲದ ಬೆಲೆ ಗೊತ್ತು.

ಡೈನಮೋ ವಿಷಯಕ್ಕೆ ಬರೋಣ. ಅದು ಕೆಟ್ಟ ಯಂತ್ರವಲ್ಲ. ಎಂಜಿನ್ ಚೆನ್ನಾಗಿ ತಿರುಗುತ್ತಿದ್ದರೆ ಇಪ್ಪತ್ತೆರಡು ಆಂಪಿಯರ್‌ವರೆಗೆ ಕೊಡುತ್ತದೆ. ಹಗಲಲ್ಲಿ ಹೈವೇ ಮೇಲೆ ಐವತ್ತು ಅರವತ್ತರಲ್ಲಿ ಹೋಗುವವನಿಗೆ ಅಷ್ಟು ಧಾರಾಳ. ತೊಂದರೆ ಇರುವುದು ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತಿದ್ದು ಎಂಜಿನ್ ಮಾತ್ರ ನಿಧಾನವಾಗಿ ತಿರುಗುತ್ತಿರುವಾಗ. ಎಂಜಿನ್ ನಿಧಾನವಾದ ಕೂಡಲೇ ಅದರ ವೋಲ್ಟೇಜ್ ಬ್ಯಾಟರಿಗಿಂತ ಕೆಳಗೆ ಬೀಳುತ್ತದೆ, ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಕಟ್‌ಔಟ್ ಎಂಬ ಸ್ವಿಚ್ ತೆರೆದುಕೊಂಡು ಸಂಪರ್ಕ ಕಡಿಯುತ್ತದೆ, ಅಲ್ಲಿಂದ ಮುಂದೆ ಎಲ್ಲ ಭಾರವೂ ಬ್ಯಾಟರಿಯದೇ. ಎರಡು ಹ್ಯಾಲೊಜೆನ್ ಹೆಡ್‌ಲೈಟಿಗೆ ಹತ್ತು ಆಂಪಿಯರ್, ಇಗ್ನಿಷನ್ ಕಾಯಿಲ್‌ಗೆ ಮೂರೋ ನಾಲ್ಕೋ, ಹಿಂದಿನ ದೀಪ, ಆಗಾಗ ಹಾರ್ನ್. ಹದಿನೈದರ ಹತ್ತಿರ ಖರ್ಚು, ಆದಾಯ ಸೊನ್ನೆ.

ಮದುವೆ ಮೆರವಣಿಗೆ ಅಂದರೆ ಏನು? ಬ್ಯಾಂಡಿನವರ ಹಿಂದೆ ಆಮೆಯಂತೆ ಹೋಗುವುದು. ಹತ್ತು ಅಡಿ ಹೋಗಿ ನಿಲ್ಲು, ಹುಡುಗರು ಕುಣಿದು ಮುಗಿಸಲಿ, ಮತ್ತೆ ಹತ್ತು ಅಡಿ. ಹೂವಿನ ಜೊತೆ ಸೀರಿಯಲ್ ಲೈಟೂ ಸುತ್ತಿರುತ್ತಾರೆ, ಅದರ ವೈರೂ ನಮ್ಮ ಬ್ಯಾಟರಿಗೇ. ತಂಗಿ ಮಗನ ವರಪೂಜೆ ದಿನ ಛತ್ರಕ್ಕೆ ಇನ್ನೂ ಒಂದು ಬೀದಿ ಇರುವಾಗ ಹೆಡ್‌ಲೈಟ್ ಹಳದಿಯಾಗಿ, ಆಮೇಲೆ ಕೆಂಪಾಗಿ, ಎಂಜಿನ್ ಕೆಮ್ಮಿ ನಿಂತಿತು. ಸೆಲ್ಫ್ ಹೊಡೆದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ಪೇಟ ಕಟ್ಟಿದ ವರನನ್ನು ಒಳಗೆ ಕೂರಿಸಿಕೊಂಡೇ ಭಾವಮೈದಂದಿರು ಗಾಡಿ ತಳ್ಳಿದರು. ಬ್ಯಾಂಡಿನವರು ಅದಕ್ಕೂ ತಾಳ ಹಾಕಿದರು. ಅಂಬಾಸಿಡರ್ ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ ಅಂತ ಅವರಿಗೆ ನಾನು ಆ ಹೊತ್ತಿನಲ್ಲಿ ಹೇಳಲಿಲ್ಲ.

ವಿಷಯ ಏನೆಂದರೆ, ಆ ಡೈನಮೋ ಆಗಷ್ಟೇ ರಿವೈಂಡ್ ಆಗಿ ಬಂದಿತ್ತು. ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದ್ದೆ. ಒಳಗೆ ತಿರುಗುವ ಆರ್ಮೇಚರ್‌ಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ, ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳಿರುವ ಕಮ್ಯುಟೇಟರನ್ನು ಲೇತ್‌ಗೆ ಹಿಡಿದು ನುಣ್ಣಗೆ ಮಾಡಿದರು. ಆಮೇಲೆ ಮುದುಕರೊಬ್ಬರು, ಹ್ಯಾಕ್‌ಸಾ ಬ್ಲೇಡಿನ ತುಂಡೊಂದನ್ನು ತೆಳ್ಳಗೆ ಉಜ್ಜಿಕೊಂಡು, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಒಂದೊಂದೇ ಸಂದಿಯಲ್ಲಿ ಕೆರೆದು ತೆಗೆದರು. ಮೈಕಾ ಪಟ್ಟಿಯ ಮಟ್ಟಕ್ಕೇ ನಿಂತರೆ ಕಾರ್ಬನ್ ಬ್ರಷ್ ಅದರ ಮೇಲೆ ಎಗರಿ ಕಿಡಿ ಬರುತ್ತದೆ. ಆ ಕೈಕೆಲಸ ಕಂಡರೆ ಯಾರಿಗಾದರೂ ಡೈನಮೋ ಬಿಡಲು ಮನಸ್ಸಾಗುವುದಿಲ್ಲ. ಆರ್ಮೇಚರಿನ ಹಿಂದಿನ ತುದಿ ಕೂತು ತಿರುಗುವ ಬುಷ್ಷೂ ಹೊಸದು. ಅದರ ತೂತಿಗೆ ಆಗಾಗ ಎರಡು ಹನಿ ಎಂಜಿನ್ ಆಯಿಲ್ ಬಿಡಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ, ಬುಷ್ ಸವೆದು ಆರ್ಮೇಚರ್ ಒಳಗೋಡೆಗೆ ತಗುಲಿದ ಮೇಲೆ ನೆನಪಾಗುತ್ತದೆ. ಅಂದರೆ ಮೆರವಣಿಗೆಯಲ್ಲಿ ನಿಂತದ್ದು ರಿಪೇರಿಯವರ ತಪ್ಪಲ್ಲ. ಡೈನಮೋ ಸರಿಯಾಗಿಯೇ ಇತ್ತು. ಸರಿಯಾಗಿದ್ದರೂ ಅದರ ಯೋಗ್ಯತೆ ಅಷ್ಟೇ.

ನಡುವೆ ಇನ್ನೆರಡು ದಾರಿ ನೋಡಿದೆ. ಹಳೇ ಕಟ್‌ಔಟ್ ಡಬ್ಬಿಯೊಳಗೆ ವೋಲ್ಟೇಜನ್ನು ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂರಿಸುವುದು: ಹೊರಗಿಂದ ನೋಡಿದರೆ ಏನೂ ಬದಲಾಗಿಲ್ಲ, ಪಾಯಿಂಟ್ ಸುಡುವ ಕಾಟ ತಪ್ಪುತ್ತದೆ, ಆದರೆ ಐಡ್ಲಿಂಗ್‌ನಲ್ಲಿ ಹುಟ್ಟದ ಕರೆಂಟನ್ನು ಅದೆಲ್ಲಿಂದ ತಂದೀತು. ಇನ್ನೊಂದು, ದೊಡ್ಡ ಬ್ಯಾಟರಿ. ಹುಂಡಿ ದೊಡ್ಡದು ಮಾಡಿದರೆ ಕಾಣಿಕೆ ಜಾಸ್ತಿ ಬೀಳುತ್ತದೆಯೇ? ಮೆರವಣಿಗೆ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು, ಮಾರನೇ ದಿನ ಅದನ್ನು ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಚಾರ್ಜಿಗಿಡುವುದು ಮಾತ್ರ ತಪ್ಪಲಿಲ್ಲ.

ಕೊನೆಗೆ ಹೋದ ಧನುರ್ಮಾಸದಲ್ಲಿ ಆಲ್ಟರ್ನೇಟರ್ ಹಾಕಿಸಿದೆ. ಐಡ್ಲಿಂಗ್‌ನಲ್ಲೂ ಅದು ಚಾರ್ಜ್ ಮಾಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದೂ ಸಿಗುತ್ತದೆ, ರಿಪೇರಿ ಮಾಡಿದ್ದೂ ಸಿಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಇನ್ನೂ ಅಗ್ಗ, ಅದೃಷ್ಟ ನಿಮ್ಮದು. ನಾನು ತಗೊಂಡದ್ದು ರಿಪೇರಿ ಮಾಡಿದ, ರೆಗ್ಯುಲೇಟರ್ ಒಳಗೇ ಇರುವ ಸಾಧಾರಣ ಮಾದರಿ. ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ, ಆದ್ದರಿಂದ ಕೆಳಗಿನ ಬ್ರಾಕೆಟ್ಟಿಗೆ ಲೇತ್‌ನಲ್ಲಿ ಒಂದು ಸ್ಪೇಸರ್ ಮಾಡಿಸಬೇಕಾಯಿತು. ಪುಲ್ಲಿ ಎರಡು ಮೂರು ಮಿಲಿಮೀಟರ್ ಆಚೀಚೆಯಾದರೂ ಬೆಲ್ಟು ಕಿರುಚಿ ಕರಿ ಪುಡಿ ಉದುರಿಸುತ್ತದೆ. ಮೂರೂ ಪುಲ್ಲಿಗೆ ಒಂದು ಸ್ಕೇಲ್ ಒತ್ತಿ ಹಿಡಿದು ನೇರ ನೋಡಿದರೆ ಆ ತಲೆನೋವಿಲ್ಲ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು ಎಂಬುದು ನೆನಪಿರಲಿ, ಬಿಗಿ ಜಾಸ್ತಿಯಾದರೆ ಮೊದಲು ಹೋಗುವುದು ಪಂಪಿನ ಬೇರಿಂಗ್. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಆರು ಚದರ ಮಿ.ಮೀ.ನ ಹೊಸ ವೈರ್ ಎಳೆಸಿ, ಹಳೇ ವೈರನ್ನು ನಂಬಬೇಡಿ. ಇನ್ನೊಂದು: ಬ್ರಿಟಿಷ್ ಮೂಲದ ಹಳೇ ಗಾಡಿಗಳಲ್ಲಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಜೋಡಿಸಿರುವುದು, ಇರುವುದುಂಟು. ಅದನ್ನು ನೋಡದೆ ಆಲ್ಟರ್ನೇಟರ್ ಜೋಡಿಸಿದರೆ ಒಳಗಿನ ಡಯೋಡುಗಳು ಸುಟ್ಟು ಹೋಗುತ್ತವೆ. ನಮ್ಮದು ನೆಗೆಟಿವ್, ಬಚಾವಾದೆ.

ಇಷ್ಟೂ ಸಲೀಸಾಗಿ ಮುಗಿಯಿತು. ಆಮೇಲೆ ಶುರುವಾಯಿತು ನೋಡಿ ಚಾರ್ಜಿಂಗ್ ಲೈಟಿನ ಕಥೆ.

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುತ್ತದೆ, ಸರಿ. ಚಾರ್ಜ್ ಶುರುವಾದ ಕೂಡಲೇ ಅದು ಆರಬೇಕು. ಎಂಜಿನ್ ಸ್ಟಾರ್ಟ್ ಆದರೂ ಆರುವುದಿಲ್ಲ. ಬ್ಯಾಟರಿಗೆ ಮೀಟರ್ ಹಿಡಿದರೆ 12.3 ವೋಲ್ಟ್, ಅಂದರೆ ಚಾರ್ಜ್ ಇಲ್ಲ. ಒಂದು ಸಲ ಜೋರಾಗಿ ರೇಸ್ ಮಾಡಿದರೆ ದೀಪ ಪಕ್ಕನೆ ಆರಿ ಮೀಟರ್ 14.1ಕ್ಕೆ ಹಾರುತ್ತದೆ, ಆಮೇಲೆ ಐಡ್ಲಿಂಗ್‌ಗೆ ಬಿಟ್ಟರೂ ಚಾರ್ಜ್ ನಿಲ್ಲುವುದಿಲ್ಲ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ, ಅದೇ ಹಾಡು. ಭಾನುವಾರದ ಸುತ್ತಾಟಕ್ಕೆ ಇದು ಸಮಸ್ಯೆಯೇ ಅಲ್ಲ, ಗೇರ್ ಹಾಕಿ ಹೊರಟರೆ ತಾನೇ ಸರಿಹೋಗುತ್ತದೆ. ಆದರೆ ಮೆರವಣಿಗೆಯಲ್ಲಿ ಸ್ಟಾರ್ಟ್ ಮಾಡಿ ನೇರ ಬ್ಯಾಂಡಿನ ಹಿಂದೆ ನಿಲ್ಲುವ ಗಾಡಿ ಅದು. ಯಾವ ರೋಗಕ್ಕೆ ಮದ್ದು ತಂದೆನೋ ಅದೇ ರೋಗ ಹಾಗೇ ಉಳಿದಿತ್ತು.

ಮಾಲು ಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿದೆ. "ನಮ್ಮ ಪೀಸ್ ಸರಿ ಇದೆ ಸಾರ್, ನಿಮ್ಮ ವೈರಿಂಗ್ ಹಳೇದು" ಅಂದರು. ನಮ್ಮ ಎಲೆಕ್ಟ್ರಿಷಿಯನ್ "ವೈರಿಂಗ್ ನಾನೇ ಮಾಡಿದ್ದು ಸಾರ್, ಪೀಸೇ ಡೌಟು" ಅಂದ. ಬಿಚ್ಚಿ ಕಳಿಸಿದೆವು, ಅವರು ಬೆಂಚಿನ ಮೇಲೆ ತಿರುಗಿಸಿ ಸರಿ ಇದೆ ಎಂದು ವಾಪಸ್ ಕಳಿಸಿದರು. ಹಾಕಿದರೆ ಮತ್ತೆ ಅದೇ. ಬೇರೊಂದು ಆಲ್ಟರ್ನೇಟರ್ ತಂದು ಹಾಕಿದೆವು, ಅದೂ ಹಾಗೇ. ಧನುರ್ಮಾಸ ಮುಗಿಯುತ್ತಾ ಬಂತು, ಮಾಘದಲ್ಲಿ ಸಾಲು ಸಾಲು ಮದುವೆ.

ಎಲೆಕ್ಟ್ರಿಷಿಯನ್ ಒಂದು ಸಂಜೆ ತನ್ನ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಆಲ್ಟರ್ನೇಟರಿನ ಚಾರ್ಜಿಂಗ್ ಲೈಟ್ ಟರ್ಮಿನಲ್ಲಿಗೆ ಸುಮ್ಮನೆ ಮುಟ್ಟಿಸಿದ. ಎಂಜಿನ್ ಐಡ್ಲಿಂಗ್‌ನಲ್ಲೇ ಇತ್ತು. ಮೀಟರ್ 14 ದಾಟಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ಪೀಡೋಮೀಟರಿನ ಹಿಂದೆ ಕೈ ತೂರಿಸಿ, ಮೊಣಕೈ ತರಚಿಕೊಂಡು, ಆ ಸಣ್ಣ ತಿರುಪಿನ ಬಲ್ಬನ್ನು ಹೊರಗೆ ತೆಗೆದ. ಎಲ್‌ಇಡಿ! ಹಿಂದೆ ಯಾವಾಗಲೋ ಡ್ಯಾಶ್‌ಬೋರ್ಡಿನ ಬಲ್ಬುಗಳನ್ನೆಲ್ಲ ಬದಲಿಸಿದ ಬೇರೊಬ್ಬ ವೈರಿಂಗಿನವನು ಇದನ್ನೂ ಎಲ್‌ಇಡಿ ಮಾಡಿಬಿಟ್ಟಿದ್ದ.

ಡೈನಮೋ ಇದ್ದಷ್ಟು ಕಾಲ ಅದರಿಂದ ಏನೂ ತೊಂದರೆಯಾಗಲಿಲ್ಲ. ಡೈನಮೋಗೆ ಆ ದೀಪ ಬರೀ ಸೂಚನೆ, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಡೈನಮೋದ ಕಬ್ಬಿಣದಲ್ಲಿ ಉಳಿದ ಕಾಂತಶಕ್ತಿಯೇ ಕೆಲಸ ಶುರು ಮಾಡಿಕೊಳ್ಳುತ್ತದೆ. ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರ್‌ಗೆ ಮಾತ್ರ ಶುರುವಿನಲ್ಲಿ ಹೊರಗಿನಿಂದ ಸ್ವಲ್ಪ ಕರೆಂಟ್ ಬೇಕು, ಅದು ಬರುವುದೇ ಈ ಬಲ್ಬಿನ ಮೂಲಕ. 2.2 ವ್ಯಾಟಿನ ಹಳೇ ತಂತಿ ಬಲ್ಬು ಸುಮಾರು 0.18 ಆಂಪಿಯರ್ ಬಿಡುತ್ತದೆ, ಅಷ್ಟು ಸಾಕು. ಎಲ್‌ಇಡಿ ಬಿಡುವುದು ಅದರಲ್ಲಿ ಚೂರುಪಾರು. ದೀಪ ಹತ್ತುತ್ತದೆ, ನೋಡುವವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಆಲ್ಟರ್ನೇಟರ್ ಎಚ್ಚರಾಗುವುದಿಲ್ಲ.

ತಂತಿ ಬಲ್ಬು ಹಾಕಿದೆವು, ಸ್ಟಾರ್ಟ್ ಮಾಡಿದ ಕ್ಷಣವೇ ದೀಪ ಆರಿತು. ಆದರೆ ನಾಳೆ ಈ ಬಲ್ಬೂ ಫ್ಯೂಸ್ ಆಗಬಹುದಲ್ಲ, ಆಗ ಮತ್ತೆ ಅದೇ ಗೋಳು. ಅದಕ್ಕೆ ಬಲ್ಬಿಗೆ ಪ್ಯಾರಲಲ್ ಆಗಿ 68 ಓಮ್, 5 ವ್ಯಾಟಿನ ಬಿಳಿ ಸೆರಾಮಿಕ್ ರೆಸಿಸ್ಟರ್ ಒಂದನ್ನು ಬೆಸುಗೆ ಹಾಕಿಸಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಟೀ ದುಡ್ಡಿಗೆ ಸಿಗುತ್ತದೆ. ಮುಟ್ಟಿದರೆ ಸ್ವಲ್ಪ ಬಿಸಿಯಾಗುತ್ತದೆ, ವೈರಿಗೆ ತಾಗದಂತೆ ಕೂರಿಸಿ. ಆಲ್ಟರ್ನೇಟರ್ ಹಾಕಿಸುವವರು ಬೇರೇನು ಬಿಟ್ಟರೂ ಇದೊಂದನ್ನು ಮೊದಲೇ ಮಾಡಿಸಿ. ಎರಡು ಸಲ ಬಿಚ್ಚಿ ಜೋಡಿಸಿದ ಕೂಲಿಯಲ್ಲಿ ಒಂದು ಟೈರ್ ಬರುತ್ತಿತ್ತು.

ಖರ್ಚು? ನನಗೆ ಆಲ್ಟರ್ನೇಟರ್, ಸ್ಪೇಸರ್, ವೈರ್, ಕೂಲಿ ಎಲ್ಲ ಸೇರಿ ಏಳು ಸಾವಿರದ ಆಸುಪಾಸು, ಈ ಬಲ್ಬಿನ ರಾದ್ಧಾಂತ ಬಿಟ್ಟು. ಡೈನಮೋ ರಿವೈಂಡಿಗೆ ಅದರ ಅರ್ಧವೂ ಆಗಿರಲಿಲ್ಲ. ಆದರೆ ಬ್ರಷ್, ಬುಷ್, ಕಟ್‌ಔಟ್ ಪಾಯಿಂಟು ಅಂತ ಅದು ಆಗಾಗ ಕೈಚಾಚುತ್ತಲೇ ಇರುತ್ತದೆ. ಹೊರನೋಟಕ್ಕೆ ಡೈನಮೋನಂತೆಯೇ ಇದ್ದು ಒಳಗೆ ಆಲ್ಟರ್ನೇಟರ್ ಆಗಿರುವಂಥದ್ದು ಇಂಗ್ಲೆಂಡಿನಲ್ಲಿ ಸಿಗುತ್ತದೆ. ತರಿಸುವ ಖರ್ಚು, ಸುಂಕ ಸೇರಿಸಿದರೆ ನನ್ನ ಜೇಬಿನದ್ದಲ್ಲ.

ಡೈನಮೋ ಪರವಾಗಿ ಒಂದು ಗಟ್ಟಿ ಮಾತಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ನಂಬರ್ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇರಕೂಡದು. ಆಲ್ಟರ್ನೇಟರ್ ಒಂದರಿಂದ ಅದು ಕೆಡುತ್ತದೆಂದು ನನಗನ್ನಿಸುವುದಿಲ್ಲ, ಆದರೆ ಪ್ರದರ್ಶನ, ರ‍್ಯಾಲಿಗಳಲ್ಲಿ ಬಾನೆಟ್ ಎತ್ತಿ ನೋಡುವ ತೀರ್ಪುಗಾರರು ಮೂಗು ಮುರಿಯುತ್ತಾರೆ. ನನ್ನ ಗಾಡಿಯೂ ಐವತ್ತು ದಾಟಿದೆ. ನಾನು ಆ ಕಡೆ ಹೋಗಲಿಲ್ಲ, ಏಕೆಂದರೆ ವಿಂಟೇಜ್ ನೋಂದಣಿಯಾದ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಭಾನುವಾರದ ಸುತ್ತಾಟಕ್ಕೂ ತಂಗಿ ಮಗಳ ಮದುವೆಗೂ ಕಲ್ಲು ಬೀಳುತ್ತದೆ. ಡೈನಮೋಗೆ ಗ್ರೀಸ್ ಸವರಿ, ಗೋಣಿಯಲ್ಲಿ ಸುತ್ತಿ, ಕಟ್‌ಔಟ್ ಜೊತೆ ಅಟ್ಟದ ಮೇಲಿಟ್ಟಿದ್ದೇನೆ. ಮುಂದಿನವರಿಗೆ ಬೇಕಾದರೆ ಮತ್ತೆ ಹಾಕಿಕೊಳ್ಳಲಿ. ಒಂದು ತೂತೂ ಹೊಸದಾಗಿ ಕೊರೆಸಿಲ್ಲ.

ಹಾಗಾಗಿ, ನಿಮ್ಮ ಗಾಡಿ ಹಗಲು ಹೊತ್ತು ಮಾತ್ರ ಹೊರಬೀಳುವುದಾದರೆ, ಊರ ಟ್ರಾಫಿಕ್ಕಿಗೆ ಸಿಗದಿದ್ದರೆ, ಪ್ರದರ್ಶನದ ಆಸೆ ಇದ್ದರೆ ಡೈನಮೋ ರಿವೈಂಡ್ ಮಾಡಿಸಿ ನೆಮ್ಮದಿಯಾಗಿರಿ. ಕತ್ತಲಾದ ಮೇಲೆ, ಮಂಜಿನಲ್ಲಿ, ಸಿಗ್ನಲ್ಲುಗಳ ನಡುವೆ ಓಡಿಸುವವರು ಏಳು ಸಾವಿರ ಎತ್ತಿಟ್ಟುಕೊಳ್ಳಿ.

ಈ ಸಲದ ಪಟ್ಟಿಯಲ್ಲಿ ಬ್ರೇಕ್ ವೀಲ್ ಸಿಲಿಂಡರುಗಳ ರಬ್ಬರ್ ಕಿಟ್ ಮೊದಲು, ಆಮೇಲೆ ಬಾಗಿಲ ಬೀಡಿಂಗ್. ಪೇಂಟ್ ದುಡ್ಡು ಉಳಿದರೆ. ಬ್ರೇಕಿಗೆ ಹೊಸ ಸಿಲಿಂಡರೇ ಹಾಕಿಸಬೇಕೋ ಹಳೆಯದರ ಒಳಗೆ ಸ್ಲೀವ್ (ಹೊಸ ಲೋಹದ ಕೊಳವೆ) ಹೊಡೆಸಬೇಕೋ ಇನ್ನೂ ತೀರ್ಮಾನವಾಗಿಲ್ಲ. ಎರಡೂ ಮಾಡಿಸಿ ನೋಡಿದವರಿದ್ದರೆ ಧನುರ್ಮಾಸ ಹುಟ್ಟುವುದರೊಳಗೆ ಹೇಳಿ.