ಹನ್ನೆರಡು ಹೊಡೆದ ಮೇಲೆ ಬಂದ ನೆಟ್: ಹಾಟ್‌ಸ್ಪಾಟ್ ನಂಬಿ ಕೆಲಸಕ್ಕೆ ಕೂರುವವರು ಓದಿ

ನಾನು ಕಲಬುರಗಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಎರಡು ಬೇಳೆ ಮಿಲ್ಲು, ಒಂದು ಹಾರ್ಡ್‌ವೇರ್ ಅಂಗಡಿ, ಎರಡು ಮೆಡಿಕಲ್. ತಿಂಗಳ 20ನೇ ತಾರೀಕು ನಮ್ಮಂಥವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುವ ದಿನವಲ್ಲ. ಜಿಎಸ್‌ಟಿ 3ಬಿ ರಿಟರ್ನ್, ಅಂದರೆ ತಿಂಗಳ ವ್ಯಾಪಾರ-ತೆರಿಗೆಯ ಲೆಕ್ಕ, ಹಾಕಲು ಅದೇ ಕೊನೆಯ ದಿನ. ಕೊನೆ ದಿನದ ತನಕ ಯಾಕೆ ಕೂತಿದ್ದೆ ಅಂತ ಬೈಯುವವರು ಈಗಲೇ ಬೈದುಬಿಡಿ. ಪಾರ್ಟಿಗಳು ಬಿಲ್ಲಿನ ಗಂಟು ತಂದು ಕೊಡುವುದೇ 18ಕ್ಕೆ, ನಾನೇನು ಮಾಡಲಿ?

ಹೋದ ಮೇ ತಿಂಗಳ 20ರ ಕಥೆ ಇದು. ಸೇಡಂ ರಸ್ತೆ ಕಡೆ ನಮ್ಮ ಮನೆ. ಬೆಳಗ್ಗೆ ಒಂಬತ್ತೂವರೆಗೆ ಮನೆಯ ನೆಟ್ ಹೋಯಿತು. ಹೊರಗೆ ಬಂದು ನೋಡಿದರೆ ಓಣಿಯ ತುದಿಯಲ್ಲಿ ಜೆಸಿಬಿ ನಿಂತಿದೆ, ಪೈಪಿಗಾಗಿ ಅಗೆಯುವಾಗ ಕೇಬಲ್ ಕಡಿದಿದೆ. ಫೋನ್ ಮಾಡಿದರೆ, "ಸಂಜಿಗೆ ಆಗ್ತದ್ರಿ" ಅಂದರು. ಸರಿ, ಫೋನಿನಲ್ಲಿ ದಿನಕ್ಕೆ 2 ಜಿಬಿ ಇದೆಯಲ್ಲ, ರಿಟರ್ನ್ ಹಾಕಲು ಎಷ್ಟು ಬೇಕು ಮಹಾ, ಅಂದುಕೊಂಡು ಹಾಟ್‌ಸ್ಪಾಟ್ ಆನ್ ಮಾಡಿದೆ. ಲ್ಯಾಪ್‌ಟಾಪ್ ತಾನಾಗೇ ಹಿಡಿದುಕೊಂಡಿತು. ಖುಷಿಯಾಯಿತು. ಆ ಖುಷಿಯೇ ಮುಳುವಾಯಿತು ಅಂತ ಆಮೇಲೆ ಗೊತ್ತಾಯಿತು.

ಮೊದಲ ಎರಡು ರಿಟರ್ನ್ ಸಲೀಸಾಗಿ ಹೋದವು. ಮಧ್ಯೆ ಫೋನಿಗೆ "ಇಂದಿನ ಡೇಟಾ ಅರ್ಧ ಮುಗಿದಿದೆ" ಅಂತ ಮೆಸೇಜ್ ಬಂದಿತ್ತು. ಕಂಪನಿಯವರ ಮೆಸೇಜ್ ಯಾರು ಓದುತ್ತಾರೆ, ಅಲ್ವಾ? ಒಂದೂಮುಕ್ಕಾಲರ ಹೊತ್ತಿಗೆ ಪೇಜ್ ತೆರೆಯುವುದೇ ನಿಂತಿತು. ಕೊನೆ ದಿನ, ಜಿಎಸ್‌ಟಿ ಪೋರ್ಟಲ್‌ಗೆ ರಶ್ ಇರುತ್ತದೆ ಅಂದುಕೊಂಡು ಇಪ್ಪತ್ತು ನಿಮಿಷ ಸುಮ್ನೆ ಕಾದೆ. ಆಮೇಲೆ ಮೆಸೇಜ್ ನೋಡಿದರೆ 2 ಜಿಬಿಯೂ ಖಲಾಸ್. ಇನ್ನು ರಾತ್ರಿ ಹನ್ನೆರಡರ ತನಕ ವೇಗ 64 ಕೆಬಿಪಿಎಸ್ ಅಷ್ಟೇ.

64 ಅಂದರೆ ಎಷ್ಟು ಅಂತ ಹೇಳಿಬಿಡುತ್ತೇನೆ. ಅದು ಕಿಲೋಬಿಟ್ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಬರೀ 8 ಕಿಲೋಬೈಟ್. ಒಂದು ಎಂಬಿಯ ಪೇಜ್ ಬರಲು ಎರಡು ನಿಮಿಷದ ಮೇಲೆ ಬೇಕು, ಅದೂ ನಡುವೆ ಕಡಿಯದೆ ಬಂದರೆ. ಲ್ಯಾಪ್‌ಟಾಪ್ ಹಿಂದೆ ಬೇರೇನಾದರೂ ಎಳೆಯುತ್ತಿದ್ದರೆ ಆ ಎಂಟರಲ್ಲೂ ಪಾಲು ಹೋಗುತ್ತದೆ.

ಟಾಪ್‌ಅಪ್ ಹಾಕಿಸೋಣ ಅಂತ ರಿಚಾರ್ಜ್ ಆ್ಯಪ್ ತೆರೆದೆ. ಸುತ್ತುತ್ತಲೇ ಇತ್ತು. ನೆಟ್ ಕೊಳ್ಳಲಿಕ್ಕೂ ನೆಟ್ ಬೇಕು! ಹೆಂಡತಿ ಆಳಂದದಲ್ಲಿ ತವರುಮನೆಯಲ್ಲಿದ್ದಳು. ಅವಳಿಗೆ ಫೋನ್ ಮಾಡಿ 1 ಜಿಬಿ ಹಾಕಿಸಿದೆ. "ಹಾಕೀನಿ ನೋಡ್ರಿ, ಬಂತೇನು?" ಅಂದಳು. ಬಂತು. ರೊಟ್ಟಿ ತಿಂದು ಬಂದು ಕೂತೆ. ಅರ್ಧ ಗಂಟೆಯೂ ಆಗಿರಲಿಲ್ಲ, ಆ 1 ಜಿಬಿಯೂ ಮಾಯ. ನಾನು ಒಂದೇ ಒಂದು ಪೇಜ್ ತೆರೆದಿರಲಿಲ್ಲ.

ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕಂಪನಿಯವರು ಮೋಸ ಮಾಡಿದರು ಅಂತ ಅವರಿಗೇ ಬೈದೆ.

ಈ ನಡುವೆ ಇನ್ನೊಂದು ರಾಮಾಯಣ. ನಮ್ಮ ಒಳಗಿನ ಕೋಣೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅದಕ್ಕೆ ಫೋನನ್ನು ಚಾರ್ಜಿಗೆ ಹಾಕಿ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೆ. ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು, ಕಿಟಕಿಯ ಕಬ್ಬಿಣ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಹಾಟ್‌ಸ್ಪಾಟ್ ಆನ್ ಇದ್ದರೆ ಫೋನು ಒಂದು ಕಡೆ ಟವರ್ ಜೊತೆ, ಇನ್ನೊಂದು ಕಡೆ ಲ್ಯಾಪ್‌ಟಾಪ್ ಜೊತೆ ಒಂದೇ ಸಮ ಮಾತಾಡುತ್ತಿರಬೇಕು. ಸಿಗ್ನಲ್ ಕಮ್ಮಿ ಇದ್ದಷ್ಟೂ ಅದು ಜಾಸ್ತಿ ಜೋರು ಹಾಕುತ್ತದೆ, ಜಾಸ್ತಿ ಕಾಯುತ್ತದೆ. ಅದರ ಮೇಲೆ ಚಾರ್ಜಿಂಗ್ ಬಿಸಿ, ಅದರ ಮೇಲೆ ಬಿಸಿಲು. ಮೂರು ಗಂಟೆಗೆ ನೋಡಿದರೆ ಸ್ಕ್ರೀನ್ ಮಂಕಾಗಿ, ಬಿಸಿ ಜಾಸ್ತಿಯಾಗಿ ಚಾರ್ಜಿಂಗ್ ನಿಲ್ಲಿಸಲಾಗಿದೆ ಅಂತ ತೋರಿಸುತ್ತಿತ್ತು. ಮುಟ್ಟಿದರೆ ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿ. ಪಕ್ಕದ ಮನೆಯ ಹಿರಿಯರು, "ಫ್ರಿಜ್ಜಿನಾಗ ಇಡ್ರಿ" ಅಂದರು. ದಯವಿಟ್ಟು ಆ ಕೆಲಸ ಮಾಡಬೇಡಿ. ತಣ್ಣಗಾದ ಫೋನನ್ನು ಈ ಸೆಕೆಗೆ ಹೊರಗೆ ತೆಗೆದರೆ ಒಳಗೆ ನೀರು ಹನಿ ಕಟ್ಟುತ್ತದೆ. ಚಾರ್ಜರ್ ಕಿತ್ತು, ಕವರ್ ತೆಗೆದು, ಫ್ಯಾನಿನ ಕೆಳಗೆ ನೆರಳಲ್ಲಿ ಇಟ್ಟೆ. ಮುಕ್ಕಾಲು ಗಂಟೆ ಅದಕ್ಕೇ ಹೋಯಿತು.

ಸೂಪರ್ ಮಾರ್ಕೆಟ್ ಕಡೆ ಹೋಗಿ ಯಾರದಾದರೂ ಅಂಗಡಿಯಲ್ಲಿ ಕೂತು ಮುಗಿಸಬಹುದಿತ್ತು. ಹೋಗಲಿಲ್ಲ. ಸಂಜೆಗೆ ಕೇಬಲ್ ಸರಿಯಾಗುತ್ತದೆ ಅಂತ ನಂಬಿ ಕೂತೆ. ಆರಾಯಿತು, ಏಳಾಯಿತು, ಒಂಬತ್ತಾಯಿತು. ಆ ಹೊತ್ತಿಗೆ ಅಂಗಡಿಗಳೂ ಬಾಗಿಲು ಹಾಕಿದ್ದವು. ಇದು ಪೂರ್ತಿ ನನ್ನದೇ ತಪ್ಪು.

ಹತ್ತಕ್ಕೆ ಹೆಂಡತಿಯಿಂದ ಮತ್ತೆ 1 ಜಿಬಿ. ಈ ಸಲ ಎರಡು ರಿಟರ್ನ್ ಹೊಡೆದೆ. ಉಳಿದದ್ದು ಹಾರ್ಡ್‌ವೇರ್ ಅಂಗಡಿಯದು ಒಂದೇ. ಅದನ್ನು ಪೂರ್ತಿ ತುಂಬಿ, ಹಣ ಕಟ್ಟಿ, ಕೊನೆಗೆ ಒಟಿಪಿಗೆ ಬಂದೆ. ಒಟಿಪಿ ಹೋಗುವುದು ಮಾಲೀಕರ ಫೋನಿಗೆ. ಅವರು ನನಗೆ ಫೋನ್ ಮಾಡಿ, "ಬಂದದ, ಬರಕೊಳ್ರಿ" ಅನ್ನುತ್ತಾರೆ. ಅಂದರು. ಬರೆದುಕೊಂಡೆ. ಲ್ಯಾಪ್‌ಟಾಪ್ ನೋಡಿದರೆ ನೆಟ್ ಇಲ್ಲ!

ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಎರಡು ಸಿಮ್. ನೆಟ್ ಮೊದಲನೆಯದರಲ್ಲಿ, ಪಾರ್ಟಿಗಳಿಗೆ ಕೊಟ್ಟಿರುವುದು ಎರಡನೆಯ ನಂಬರ್. ಎರಡನೇ ಸಿಮ್ಮಿಗೆ ಕರೆ ಬಂದು ಮಾತಾಡುತ್ತಿರುವಷ್ಟು ಹೊತ್ತು ಎಷ್ಟೋ ಫೋನುಗಳಲ್ಲಿ ಮೊದಲನೇ ಸಿಮ್ಮಿನ ನೆಟ್ ನಿಲ್ಲುತ್ತದೆ. ಅಂದರೆ ಅವರು ನಂಬರ್ ಹೇಳುತ್ತಿರುವಾಗಲೇ ನನ್ನ ಹಾಟ್‌ಸ್ಪಾಟ್ ಸತ್ತಿರುತ್ತಿತ್ತು. ಫೋನ್ ಇಟ್ಟು, ನೆಟ್ ಬಂದು, ಪೇಜ್ ಮತ್ತೆ ತೆರೆಯುವಷ್ಟರಲ್ಲಿ ಲಾಗಿನ್ ಹೊರಗೆ ಹಾಕಿತ್ತು. ಎರಡನೇ ಸಲವೂ ಅದೇ. ಮೂರನೇ ಸಲಕ್ಕೆ, ಹನ್ನೊಂದೂ ಇಪ್ಪತ್ತಕ್ಕೆ, ಆ 1 ಜಿಬಿಯೂ ಮುಗಿಯಿತು. ಹೆಂಡತಿ ಮತ್ತೆ ಹಾಕಲು ಹೋದರೆ ಪೇಮೆಂಟ್ ಪೆಂಡಿಂಗ್.

ಬೇರೆ ದಾರಿ ಕಾಣದೆ ಮಹಡಿ ಮೇಲೆ ಬಾಡಿಗೆಗೆ ಇರುವ ಹುಡುಗರ ಬಾಗಿಲು ತಟ್ಟಿದೆ. ಡಿಗ್ರಿ ಓದುವ ಮೂವರು, ಯಾದಗಿರಿ ಕಡೆಯವರು. "ಹತ್ತು ನಿಮಿಷ ನಿಮ್ಮ ನೆಟ್ ಕೊಡ್ರೋ, ಭಾಳ ಅರ್ಜೆಂಟ್ ಅದ" ಅಂದೆ. ಮೂವರೂ ಮುಖ ಮುಖ ನೋಡಿಕೊಂಡರು.

"ಕಾಕಾ, ನಮ್ ನೆಟ್ ಸಂಜಿಗೇ ಖಲಾಸ್ ಆಗ್ಯದ್ರಿ. ನಾವು ನಿಮ್ದೇ ಹಚ್ಕೊಂಡು ಕುಂತೀವಿ. ಅದೂ ಈಗ ನಡೀವಲ್ದು."

"ನಂದಾ? ಯಾವಾಗಿಂದೋ?"

"ನೀವು ರಿಸಲ್ಟ್ ನೋಡ್ಲಾಕ ಕೊಟ್ಟಿದ್ರಲ್ಲಾ, ಅವಾಗಿಂದ. ಅದು ತಾನೇ ಹತ್ತತದ್ರಿ."

ಸಿಟ್ಟು ಬರಲಿಲ್ಲ, ನಗು ಬಂತು. ಪಾಸ್‌ವರ್ಡ್ ಕೊಟ್ಟವನು ನಾನೇ. ಒಂದರಿಂದ ಎಂಟರ ತನಕ ಅಂಕಿ, ಬಾಯಲ್ಲೇ ಹೇಳಿದ್ದೆ. ಒಮ್ಮೆ ಸೇರಿದ ಫೋನು ಆ ಹೆಸರು ಕಂಡಾಗಲೆಲ್ಲ ಕೇಳದೇ ಬಂದು ಸೇರಿಕೊಳ್ಳುತ್ತದೆ. ಹುಡುಗರು ಕದ್ದದ್ದೇನಲ್ಲ. ವೈಫೈ ಇದೆ ಅಂತ ರೀಲ್ಸ್ ನೋಡುತ್ತಾ ಕೂತಿದ್ದರು ಅಷ್ಟೇ.

ಕೆಳಗೆ ಬಂದು ಕೂತೆ. ಗಡಿಯಾರ ಹನ್ನೆರಡು ಹೊಡೆಯಿತು. ದಿನದ ಹೊಸ 2 ಜಿಬಿ ಬಂತು, ಪೇಜ್ ಪಟ್ ಅಂತ ತೆರೆಯಿತು. ರಿಟರ್ನ್ ಐದು ನಿಮಿಷದಲ್ಲಿ ಹೋಯಿತು. ತಾರೀಕು ಮಾತ್ರ 21.

ದಂಡ ದೊಡ್ಡದಲ್ಲ. ತಡವಾದ ಒಂದು ದಿನಕ್ಕೆ ಕೇಂದ್ರದ ಲೆಕ್ಕಕ್ಕೆ 25, ರಾಜ್ಯದ ಲೆಕ್ಕಕ್ಕೆ 25, ಒಟ್ಟು 50 ರೂಪಾಯಿ. ಅದು ಮುಂದಿನ ತಿಂಗಳ ರಿಟರ್ನಿನಲ್ಲಿ ಬಂದು ಕೂರುತ್ತದೆ. ನನ್ನ ಜೇಬಿನಿಂದಲೇ ಕೊಟ್ಟೆ. ಆದರೆ ಯಾರ ಜಿಎಸ್‌ಟಿ ನಂಬರ್ ಹಾಕಿದರೂ ಅವರು ಯಾವ ತಾರೀಕಿಗೆ ರಿಟರ್ನ್ ಹಾಕಿದರು ಅಂತ ಪೋರ್ಟಲಿನಲ್ಲಿ ಎಲ್ಲರಿಗೂ ಕಾಣುತ್ತದೆ. "ನನ್ನ ಹೆಸರಿನ ಮುಂದ ಒಮ್ಮೆನೂ ಲೇಟ್ ಇರಲಿಲ್ರಿ" ಅಂದರು ಅಂಗಡಿಯವರು. ಜೋರು ಮಾಡಲಿಲ್ಲ. ಮುಂದಿನ ತಿಂಗಳಿಂದ ಅವರ ಬಿಲ್ಲಿನ ಗಂಟು ಬೇರೆ ಕಡೆ ಹೋಯಿತು.

ಮರುದಿನ ಕೂತು ಲೆಕ್ಕ ತೆಗೆದೆ. ಬೇರೆಯವರ ಲೆಕ್ಕ ಬರೆಯುವವನಿಗೆ ತನ್ನ ಲೆಕ್ಕ ಗೊತ್ತಿಲ್ಲ ನೋಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಡೇಟಾ ಯೂಸೇಜ್ ಅಂತ ಇದೆ. ಯಾವ ಪ್ರೋಗ್ರಾಂ ಎಷ್ಟು ತಿಂದಿದೆ ಅಂತ ತೋರಿಸುತ್ತದೆ. ಆ ದಿನ ನನ್ನ ಬ್ರೌಸರ್ ಬಳಸಿದ್ದು 100 ಎಂಬಿಯೂ ಇಲ್ಲ! ವಿಂಡೋಸ್ ಅಪ್‌ಡೇಟ್ ಹತ್ತಿರ ಹತ್ತಿರ 1.9 ಜಿಬಿ. ಪಾರ್ಟಿಗಳ ಬಿಲ್ಲಿನ ಫೋಟೋ ಇಡುವ ಕ್ಲೌಡ್ ಫೋಲ್ಡರ್ ತಾನಾಗೇ ಮೇಲೆ ಕಳಿಸಿದ್ದು 600 ಎಂಬಿ. ಒಟ್ಟು 4 ಜಿಬಿಯಲ್ಲಿ ಇನ್ನುಳಿದದ್ದು ಮಹಡಿಯ ರೀಲ್ಸ್.

ಕಾರಣ ಇಷ್ಟೇ: ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಅಂದರೂ ವೈಫೈ, ಮನೆಯ ಫೈಬರ್ ಅಂದರೂ ವೈಫೈ. ನಮ್ಮ ಕೊಡದ ನೀರೋ, ನಲ್ಲಿ ನೀರೋ ಅಂತ ನಾವು ಹೇಳದೆ ಅದಕ್ಕೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹೇಳುವುದು ಹೀಗೆ: ಹಾಟ್‌ಸ್ಪಾಟಿಗೆ ಸೇರಿದ ಮೇಲೆ ವೈಫೈ ಸೆಟ್ಟಿಂಗಿನಲ್ಲಿ ಆ ಹೆಸರಿನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಆಮೇಲೆ ವಿಂಡೋಸ್ ದೊಡ್ಡ ಅಪ್‌ಡೇಟ್‌ಗಳನ್ನು ತಡೆದಿಡುತ್ತದೆ, ತೀರಾ ಮುಖ್ಯವಾದದ್ದು ಮಾತ್ರ ಬರಬಹುದು. ಒಂದು ವಿಷಯ ನೆನಪಿಡಿ. ಈ ಗುರುತು ಆ ಒಂದು ಹೆಸರಿಗೆ ಮಾತ್ರ. ಹೆಂಡತಿಯ ಫೋನಿನ ಹಾಟ್‌ಸ್ಪಾಟಿಗೆ ಸೇರಿದರೆ ಮತ್ತೆ ಮಾಡಬೇಕು. ಯುಎಸ್‌ಬಿ ಕೇಬಲ್ ಹಾಕಿ ನೆಟ್ ಕೊಟ್ಟರೆ ಅದನ್ನು ಲ್ಯಾಪ್‌ಟಾಪ್ ವೈಫೈ ಅಂತ ನೋಡುವುದೇ ಇಲ್ಲ, ಈಥರ್ನೆಟ್ ಅನ್ನುತ್ತದೆ, ಅಲ್ಲೂ ಬೇರೆಯಾಗಿ ಮಾಡಬೇಕು. ಆ್ಯಪಲ್‌ನವರಿಗೆ 'ಲೋ ಡೇಟಾ ಮೋಡ್' ಅಂತ ಇದೆ.

ಒಂದೇ ಲ್ಯಾಪ್‌ಟಾಪ್ ಇದ್ದರೆ ಕೇಬಲ್ಲೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಕಡಿಯುವುದು ಕಮ್ಮಿ, ಮಹಡಿಯವರು ಸೇರುವ ಮಾತೇ ಇಲ್ಲ, ಫೋನು ಅಷ್ಟಿಷ್ಟು ಚಾರ್ಜೂ ಆಗುತ್ತದೆ. ಟಿವಿಗೆ ಮಾತ್ರ ಹಾಟ್‌ಸ್ಪಾಟ್ ಕೊಡಬೇಡಿ. ದೊಡ್ಡ ಪರದೆಗೆ ಅದು ತಾನಾಗೇ ಒಳ್ಳೆ ಕ್ವಾಲಿಟಿ ಎಳೆಯುತ್ತದೆ, ಒಂದು ಸಿನಿಮಾ ಮುಗಿಯುವುದರೊಳಗೆ ದಿನದ ಕೋಟಾ ಮುಗಿಯುತ್ತದೆ. "ನಂದು 5ಜಿ, ಅನ್‌ಲಿಮಿಟೆಡ್" ಅನ್ನುವವರೂ ಒಮ್ಮೆ ಫೋನಿನ ಮೇಲ್ತುದಿ ನೋಡಿ. ಇಂಥ ಪ್ಲಾನುಗಳಲ್ಲಿ ಸಾಮಾನ್ಯವಾಗಿ 5ಜಿ ಸಿಗ್ನಲ್ ಇದ್ದಾಗ ಮಾತ್ರ ಲೆಕ್ಕವಿಲ್ಲ. ಒಳಕೋಣೆಗೆ ಹೋದಾಗ 4ಜಿಗೆ ಇಳಿಯಿತೋ, ದಿನದ ಕೋಟಾ ಕರಗಲು ಶುರು.

ಪಾಸ್‌ವರ್ಡ್ ಬದಲಿಸಿದೆ. ಎಂಟು ಅಕ್ಷರಕ್ಕಿಂತ ಕಮ್ಮಿ ಇಡಲು ಫೋನು ಬಿಡುವುದಿಲ್ಲ, ಅದಕ್ಕೇ ಎಲ್ಲರೂ 12345678 ಇಡುವುದು. ಹಾಟ್‌ಸ್ಪಾಟಿನ ಹೆಸರಲ್ಲಿ ನನ್ನ ಹೆಸರಿತ್ತು, ಅದನ್ನೂ ತೆಗೆದೆ. ಯಾರು ಸೇರಿದ್ದಾರೆ ಅನ್ನುವುದು ಹಾಟ್‌ಸ್ಪಾಟ್ ಪರದೆಯಲ್ಲೇ ಕಾಣುತ್ತದೆ, ಕೆಲವು ಫೋನುಗಳಲ್ಲಿ ಇಷ್ಟು ಎಂಬಿ ಆದ ಕೂಡಲೇ ನಿಲ್ಲಿಸು ಅಂತ ಮಿತಿಯನ್ನೂ ಹಾಕಬಹುದು. ನನ್ನದರಲ್ಲಿ ಇದೆ. ಎರಡು ವರ್ಷದಿಂದ ಇತ್ತು, ನಾನು ನೋಡಿರಲಿಲ್ಲ. ಒಟಿಪಿಗೆ ಪಾರ್ಟಿಗಳು ಈಗ ನೆಟ್ ಇರುವ ನಂಬರಿಗೇ ಕರೆ ಮಾಡುತ್ತಾರೆ. ಕೆಲವು ಫೋನುಗಳ ಸಿಮ್ ಸೆಟ್ಟಿಂಗಿನಲ್ಲಿ ಕರೆಯ ವೇಳೆ ಇನ್ನೊಂದು ಸಿಮ್ಮಿನ ಡೇಟಾ ಬಳಸುವ ಆಯ್ಕೆಯೂ ಇರುತ್ತದೆ, ಹುಡುಕಿ ನೋಡಿ.

ಇನ್ನು ಬಸ್ ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ, "ಅಣ್ಣಾ, ಒಂದ್ ನಿಮಿಷ ಹಾಟ್‌ಸ್ಪಾಟ್ ಕೊಡ್ರಿ" ಅನ್ನುವವರ ವಿಷಯ. ಡೇಟಾ ಹೋದರೆ ಹೋಗಲಿ. ಅವರು ನಿಮ್ಮ ನೆಟ್‌ನಲ್ಲಿ ಏನು ಮಾಡಿದರೂ ಅದು ನಿಮ್ಮ ಸಿಮ್ಮಿನ ಲೆಕ್ಕಕ್ಕೆ ಬರುತ್ತದೆ. ಏನಾದರೂ ಎಡವಟ್ಟಾದರೆ ಪೊಲೀಸರ ಹುಡುಕಾಟ ಮೊದಲು ಬಂದು ನಿಲ್ಲುವುದು ನಿಮ್ಮ ಹೆಸರಿನ ಹತ್ತಿರ. ಗುರುತಿಲ್ಲದವರಿಗೆ ನಾನು ಕೊಡುವುದಿಲ್ಲ. ತೀರಾ ಕಷ್ಟದಲ್ಲಿದ್ದವರಿಗೆ, ಯಾರಿಗೆ ಹೇಳಬೇಕು ಹೇಳಿ, ನಾನೇ ಫೋನ್ ಮಾಡುತ್ತೇನೆ ಅನ್ನುತ್ತೇನೆ.

ಮಹಡಿಯ ಹುಡುಗರು ಈಗಲೂ ಬರುತ್ತಾರೆ. ಪಾಸ್‌ವರ್ಡ್ ಕೇಳುವುದಿಲ್ಲ, ಫಾರಂ ತುಂಬುವುದಿದ್ದರೆ ಕೆಳಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲೇ ತುಂಬಿಕೊಂಡು ಚಹಾ ಕುಡಿದು ಹೋಗುತ್ತಾರೆ. ಹೋದ ತಿಂಗಳು 19ಕ್ಕೆ ಮತ್ತೆ ಕೇಬಲ್ ಕಡಿಯಿತು, ಅದೇ ಓಣಿ, ಅದೇ ಜೆಸಿಬಿ ಇರಬೇಕು. ಫೋನಿಗೆ ಯುಎಸ್‌ಬಿ ಕೇಬಲ್ ಚುಚ್ಚಿ ನಾಲ್ಕೂ ರಿಟರ್ನ್ ಹಾಕಿ ಮುಗಿಸಿ ನೋಡಿದೆ. ಖರ್ಚಾದದ್ದು 140 ಎಂಬಿ.